ಲೇಹ್‌ನಲ್ಲಿ ನೆಲೆಸಿದವರಿಗೆ ಯಾವ ಬ್ಯಾಂಕು ಒದಗುತ್ತದೆ?

ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್ ನಗರದಲ್ಲಿ ಬ್ಯಾಂಕುಗಳಿಗೆ ಕೊರತೆಯಿಲ್ಲ. ಜಮ್ಮು ಮತ್ತು ಕಾಶ್ಮೀರ ಬ್ಯಾಂಕ್, ಭಾರತೀಯ ಸ್ಟೇಟ್ ಬ್ಯಾಂಕ್, ಪಂಜಾಬ್ ನ್ಯಾಷನಲ್ ಬ್ಯಾಂಕ್, ಎಚ್‌ಡಿಎಫ್‌ಸಿ ಬ್ಯಾಂಕ್ ಎಲ್ಲವೂ ಇಲ್ಲಿವೆ. ಆದರೆ ಇಲ್ಲಿ ವರ್ಷವಿಡೀ ಇರಬೇಕಾದವರು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಮಾಡುವಂತೆ ಬಡ್ಡಿದರವನ್ನೂ ಆ್ಯಪಿನ ಅಂದವನ್ನೂ ಹೋಲಿಸಿ ಖಾತೆ ತೆರೆಯುವುದು ತರವಲ್ಲ. ಚಳಿಗಾಲದಲ್ಲಿ ಝೋಜಿಲಾ ಕಣಿವೆದಾರಿ ಹಿಮದಿಂದ ಮುಚ್ಚಿ, ಮನಾಲಿಯ ರಸ್ತೆಯೂ ಕಟ್ಟಿ, ವಿಮಾನಗಳು ಹವಾಮಾನವನ್ನೇ ನಂಬಿಕೊಂಡಿರುವ ದಿನಗಳಲ್ಲಿ ಖಾತೆಯ ಕೆಲಸವೆಲ್ಲ ಊರಿನೊಳಗೇ ಮುಗಿಯುತ್ತದೆಯೇ ಎಂಬುದೇ ಇಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ.

ಆ ದೃಷ್ಟಿಯಿಂದ ಲೇಹ್‌ನಲ್ಲೇ ಮನೆ, ಅಂಗಡಿ, ಅತಿಥಿಗೃಹ ಇರುವವರಿಗೆ ಜಮ್ಮು ಮತ್ತು ಕಾಶ್ಮೀರ ಬ್ಯಾಂಕನ್ನೇ ನಾನು ಮೊದಲು ಸೂಚಿಸುತ್ತೇನೆ. 1938ರಲ್ಲಿ ಸ್ಥಾಪನೆಯಾದ, ಶ್ರೀನಗರದಲ್ಲಿ ಕೇಂದ್ರ ಕಚೇರಿಯಿರುವ ಈ ಬ್ಯಾಂಕಿನ ಬೇರು ಈ ಭಾಗದಲ್ಲಿ ಆಳವಾಗಿದೆ. 2019ರ ಅಕ್ಟೋಬರ್ 31ರಂದು ಲಡಾಖ್ ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶವಾದ ನಂತರ ಬ್ಯಾಂಕಿನ ಷೇರುಗಳಲ್ಲಿ ಒಂದು ಪಾಲು ಲಡಾಖ್ ಆಡಳಿತಕ್ಕೂ ಸಂದಿದೆ. ಇಲ್ಲಿನ ವ್ಯಾಪಾರ ಬೇಸಿಗೆಯ ಕೆಲವೇ ತಿಂಗಳುಗಳಲ್ಲಿ ಗಳಿಸಿ ಉಳಿದ ತಿಂಗಳುಗಳನ್ನು ಕಳೆಯುವಂಥದ್ದು. ಹಾಗಾಗಿ ಸಾಲದ ಅರ್ಜಿಯನ್ನು ನೋಡುವವರಿಗೆ ಆ ಏರಿಳಿತದ ಪರಿಚಯವಿರುವುದು ದೊಡ್ಡ ಅನುಕೂಲ. ಕರ್ನಾಟಕದಲ್ಲಿ ಇದರ ಶಾಖೆಗಳು ವಿರಳವಾದ್ದರಿಂದ ಊರಿನಲ್ಲಿರುವ ತಂದೆತಾಯಿಗಳೊಡನೆ ಜಂಟಿ ಖಾತೆ ಇಡಬೇಕೆನ್ನುವವರಿಗೆ ಮಾತ್ರ ಇದು ಹೊಂದುವುದಿಲ್ಲ. ಇನ್ನೊಂದು ಸಣ್ಣ ಎಚ್ಚರಿಕೆಯ ಮಾತಿದೆ: ಈ ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತಗಳಲ್ಲಿ ಶಾಖೆಯ ಗುರುತು ಬಹುಮಟ್ಟಿಗೆ ಅಕ್ಷರಗಳಲ್ಲೇ ಇರುತ್ತದೆ, ಆದರೆ ಐದನೆಯ ಸ್ಥಾನದಲ್ಲಿರುವುದು ಯಾವಾಗಲೂ ಸೊನ್ನೆ, ಇಂಗ್ಲಿಷಿನ O ಅಕ್ಷರವಲ್ಲ. ಊರಿನಿಂದ ಹಣ ಕಳುಹಿಸುವವರಿಗೆ ಇದನ್ನು ಬಿಡಿಸಿ ಹೇಳಿರಬೇಕು.

ವರ್ಗಾವಣೆಯ ನೌಕರಿಯಲ್ಲಿ ಬಂದವರ ಲೆಕ್ಕ ಬೇರೆ. ಸೈನ್ಯದಲ್ಲಿರುವ ಕೊಡಗಿನವರು, ಬೆಳಗಾವಿಯವರು, ಗಡಿ ರಸ್ತೆಗಳ ಕೆಲಸಕ್ಕೆ ಬಂದವರು ಎರಡು ಮೂರು ವರ್ಷಗಳಲ್ಲಿ ಇಲ್ಲಿಂದ ಹೊರಡುತ್ತಾರೆ. ಅವರಿಗೆ ಸ್ಟೇಟ್ ಬ್ಯಾಂಕೇ ಸರಿಯಾದ ಆಯ್ಕೆ. ಲೇಹ್‌ನಲ್ಲಿ ಜಮೆಯಾದ ಸಂಬಳವನ್ನು ಮನೆಯವರು ಮಡಿಕೇರಿಯಲ್ಲಿ ತೆಗೆಯಬಹುದು, ಕೆವೈಸಿ ನವೀಕರಣಕ್ಕೆ ಮೂಲ ಶಾಖೆಗೇ ಹೋಗಬೇಕಾಗಿಲ್ಲ. ಸೇನಾ ಸಿಬ್ಬಂದಿಗೆಂದೇ ಇರುವ ಸಂಬಳದ ಖಾತೆಯ ಯೋಜನೆಯಲ್ಲಿ ಅಪಘಾತ ವಿಮೆಯೂ ಸೇರಿರುತ್ತದೆ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ರಕ್ಷಕ್ ಯೋಜನೆಯೂ ಇದೇ ಬಗೆಯದು. ಇದಕ್ಕೆ ಪ್ರತಿಯಾಗಿ, ಊರಿನ ಸಹಕಾರಿ ಬ್ಯಾಂಕಿನ ಒಂದೇ ಖಾತೆಯನ್ನು ನೆಚ್ಚಿ ಇಲ್ಲಿಗೆ ಬರುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ, ಏಕೆಂದರೆ ಒಂದು ಸಹಿಯ ತಕರಾರು ಬಂದರೂ ಅದನ್ನು ಇಲ್ಲಿಂದ ಬಗೆಹರಿಸುವುದು ಬಹಳ ಕಷ್ಟ. ಖಾಸಗಿ ಬ್ಯಾಂಕುಗಳು ನಗರದೊಳಗೆ ವಾಸಿಸುವವರಿಗೆ ಸಾಕು. ಕಣಿವೆಗಳಾಚೆಗೆ ಓಡಾಡುವ ಕೆಲಸವಿದ್ದರೆ ಸಾಕಾಗುವುದಿಲ್ಲ.

ಅಂಚೆ ಇಲಾಖೆಯ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕನ್ನು ಬಹಳ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ತಪ್ಪು. 2018ರ ಸೆಪ್ಟೆಂಬರ್ 1ರಂದು ಆರಂಭವಾದ ಈ ವ್ಯವಸ್ಥೆಯಲ್ಲಿ ಅಂಚೆಯವರೇ ಬೆರಳಚ್ಚು ಪಡೆದು ಮನೆಬಾಗಿಲಲ್ಲಿ ಹಣ ಕೊಡುತ್ತಾರೆ. ಆಧಾರ್ ಜೋಡಣೆಯಾಗಿದ್ದರೆ ಬೇರೆ ಬ್ಯಾಂಕಿನ ಖಾತೆಯ ಹಣವನ್ನೂ ಹೀಗೆ ಪಡೆಯಬಹುದು. ಹೆಪ್ಪುಗಟ್ಟಿದ ರಸ್ತೆಯಲ್ಲಿ ನಡೆಯಲಾಗದ ವೃದ್ಧರಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಇನ್ನೊಂದಿಲ್ಲ. ಇಲ್ಲಿ 2 ಲಕ್ಷ ರೂಪಾಯಿಗಿಂತ ಹೆಚ್ಚು ಇಡುವಂತಿಲ್ಲ, ಈ ಬ್ಯಾಂಕು ತಾನಾಗಿ ಸಾಲವನ್ನೂ ಕೊಡುವಂತಿಲ್ಲ.

ಹೊರಗಿನಿಂದ ಬರುವವರು ಬ್ಯಾಂಕಿಗಿಂತ ಮೊದಲು ಯೋಚಿಸಬೇಕಾದದ್ದು ಸಿಮ್ ಕಾರ್ಡಿನ ವಿಷಯ. ಬೇರೆ ರಾಜ್ಯಗಳಲ್ಲಿ ಪಡೆದ ಪ್ರೀಪೇಯ್ಡ್ ಸಿಮ್‌ಗಳು ಜಮ್ಮು ಕಾಶ್ಮೀರದಲ್ಲಾಗಲಿ ಲಡಾಖ್‌ನಲ್ಲಾಗಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಸಿಮ್‌ಗಳು ಮಾತ್ರ ನಡೆಯುತ್ತವೆ. ಸಿಮ್ ನಿಂತಿತೆಂದರೆ ಒಟಿಪಿ ನಿಂತಿತು. ಒಟಿಪಿ ಇಲ್ಲದೆ ಖಾತೆಯಲ್ಲಿ ಎಷ್ಟು ಹಣವಿದ್ದರೂ ಹೊಸ ಫೋನಿನಲ್ಲಿ ಯುಪಿಐ ಸಿದ್ಧಪಡಿಸಿಕೊಳ್ಳಲು, ನೆಟ್ ಬ್ಯಾಂಕಿಂಗ್‌ನಲ್ಲಿ ಹೊಸಬರ ಹೆಸರು ಸೇರಿಸಲು, ಕಾರ್ಡಿನಿಂದ ವಿಮಾನದ ಟಿಕೆಟ್ ಕೊಳ್ಳಲು ಸಾಧ್ಯವಾಗುವುದಿಲ್ಲ. ಊರು ಬಿಡುವ ಮೊದಲೇ ಸಂಖ್ಯೆಯನ್ನು ಪೋಸ್ಟ್‌ಪೇಯ್ಡ್‌ಗೆ ಬದಲಿಸಿಕೊಳ್ಳುವುದು ಉತ್ತಮ. ಇಲ್ಲೇ ನೆಲೆಸುವವರು ಸ್ಥಳೀಯ ಸಿಮ್ ಪಡೆದು, ಹಳೆಯ ಸಂಖ್ಯೆ ಬಳಕೆಯಲ್ಲಿರುವಾಗಲೇ ಬ್ಯಾಂಕಿನಲ್ಲಿ ಹೊಸದನ್ನು ನೋಂದಾಯಿಸಬೇಕು. ಯಾವ ಬ್ಯಾಂಕು ಎಂಬುದಕ್ಕಿಂತಲೂ ಇದು ಮುಖ್ಯವೆಂದು ನಾನು ಒತ್ತಿ ಹೇಳುತ್ತೇನೆ.

ಲೇಹ್ ಮಾರುಕಟ್ಟೆಯಲ್ಲಿ ಯುಪಿಐ ಸಾಮಾನ್ಯವಾಗಿದೆಯಾದರೂ ಸಂಪರ್ಕ ಕಡಿದಾಗ ಉಪಯೋಗಕ್ಕೆ ಬರುವುದು ನೋಟು ಮಾತ್ರ. ಪ್ರವಾಸಿಗರ ದಟ್ಟಣೆಯ ದಿನಗಳಲ್ಲಿ ಎಟಿಎಂಗಳಲ್ಲಿ ಹಣ ಬೇಗ ಖಾಲಿಯಾಗುವುದುಂಟು. ಮಹಾನಗರವಲ್ಲದ ಕಾರಣ ಉಳಿತಾಯ ಖಾತೆಯವರಿಗೆ ಬೇರೆ ಬ್ಯಾಂಕಿನ ಎಟಿಎಂಗಳಲ್ಲಿ ತಿಂಗಳಿಗೆ 5 ವ್ಯವಹಾರಗಳು ಉಚಿತ. ಆ ಮಿತಿ ದಾಟಿದರೆ 2025ರ ಮೇ 1ರಿಂದ ಪ್ರತಿ ವ್ಯವಹಾರಕ್ಕೆ 23 ರೂಪಾಯಿಯವರೆಗೆ ಶುಲ್ಕವಿದೆ. ಪ್ಯಾಂಗಾಂಗ್ ಅಥವಾ ಚಾಂಗ್‌ಥಾಂಗ್ ಕಡೆಗೆ ಹೊರಡುವವರು ಬೇಕಾದ ನಗದನ್ನು ಲೇಹ್‌ನಲ್ಲೇ ತೆಗೆದಿಟ್ಟುಕೊಳ್ಳಬೇಕು.

ಇಷ್ಟನ್ನೂ ನೋಡಿದರೆ ಒಂದೇ ಖಾತೆಯ ಭರವಸೆಯಲ್ಲಿ ಇಲ್ಲಿ ಚಳಿಗಾಲ ಕಳೆಯುವುದು ಜಾಣತನವೆನಿಸುವುದಿಲ್ಲ. ದಿನನಿತ್ಯದ ಖರ್ಚಿಗೆ ಹತ್ತಿರದ ಶಾಖೆಯಲ್ಲೊಂದು, ಊರಿನ ವ್ಯವಹಾರಕ್ಕೆ ಸ್ಟೇಟ್ ಬ್ಯಾಂಕಿನಲ್ಲೊಂದು ಖಾತೆ ಇಟ್ಟುಕೊಳ್ಳುವುದು ಒಳ್ಳೆಯದು. ಠೇವಣಿ ವಿಮೆಯ ರಕ್ಷಣೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿಯವರೆಗೆ ಮಾತ್ರ ಇರುವುದರಿಂದ, ಹೆಚ್ಚಿನ ಉಳಿತಾಯವುಳ್ಳವರಿಗೆ ಹಣವನ್ನು ಎರಡು ಬ್ಯಾಂಕುಗಳಲ್ಲಿ ಹಂಚಿಡುವುದು ಆ ಲೆಕ್ಕದಲ್ಲೂ ಅನುಕೂಲ.