ಅಲೆಮಾನಿ ಯೋಧನ ಬೆಲ್ಟ್ ಪ್ಲೇಟು ಅಂತ ಆನ್‌ಲೈನಲ್ಲಿ ಕಂಡ್ರೆ ದಯವಿಟ್ಟು ತಗೋಬೇಡಿ

ಜರ್ಮನಿಲಿರೋ ನಮ್ಮವ್ರಿಗೆ, ಅದರಲ್ಲೂ ಹಳೇ ಸಾಮಾನಿನ ಹುಚ್ಚಿರೋರಿಗೆ ಇದನ್ನ ಹೇಳ್ಲೇಬೇಕು. ಅಲೆಮಾನಿಗಳು ಅಂದ್ರೆ ಹಿಂದೆ ದಕ್ಷಿಣ ಜರ್ಮನೀಲಿದ್ದ ಒಂದು ಬುಡಕಟ್ಟಿನೋರು, ಬೆಲ್ಟ್ ಪ್ಲೇಟು ಅಂದ್ರೆ ಅವರ ಸೊಂಟದ ಬೆಲ್ಟಿಗೆ ಹಾಕ್ತಿದ್ದ ಲೋಹದ ತಗಡು. ನಂಗೆ 280 ಯೂರೋ ಹೋಯ್ತು, ಅದು ಹೋಗ್ಲಿ, 1300 ವರ್ಷಕ್ಕೂ ಹೆಚ್ಚು ಮಣ್ಣಲ್ಲಿ ಉಳ್ಕೊಂಡಿದ್ದ ವಸ್ತು ನನ್ನ ಅಡುಗೆಮನೇಲಿ ಹಾಳಾಯ್ತು.

ಸ್ಟುಟ್‌ಗಾರ್ಟ್‌ನ ಹಳೇ ಅರಮನೆ ಮ್ಯೂಸಿಯಮ್ಮಲ್ಲಿ ಅಲೆಮಾನಿ ಗೋರಿಗಳ ಸಾಮಾನು ನೋಡಿದಾಗಿಂದ ಈ ಗೀಳು ಹತ್ತಿದ್ದು. 7ನೇ ಶತಮಾನದ ಗಂಡಸರ ಬೆಲ್ಟು, ಕಬ್ಬಿಣದ ಬಕಲ್ಲು, ಅದಕ್ಕೆ ಜೋಡಿಯಾಗಿ ಇನ್ನೊಂದು ಪ್ಲೇಟು, ಬೆನ್ನ ಕಡೆಗೆ ಚೌಕಾಕಾರದ್ದೊಂದು, ಕಬ್ಬಿಣದಲ್ಲಿ ಗೀರು ಕೊರೆದು ಬೆಳ್ಳಿ ತಂತಿ ಬಡಿದು ಕೂರಿಸಿರ್ತಾರೆ, ಒಂದರೊಳಗೊಂದು ಹೆಣ್ಕೊಂಡಿರೋ ಪ್ರಾಣಿಗಳ ಚಿತ್ತಾರ. ನೋಡ್ತಿದ್ದಂಗೇ ಬೀದರಿನ ಬಿದ್ರಿ ಕೆಲ್ಸ ನೆನಪಾಯ್ತು, ಲೋಹ ಬೇರೆ ಆದ್ರೂ ಕೈಚಳಕ ಅದೇ ಥರ.

ಆಮೇಲೆ ಆನ್‌ಲೈನಲ್ಲಿ ಒಂದು ಪ್ಲೇಟು ಸಿಕ್ತು. ಪೂರ್ತಿ ತುಕ್ಕು ಹಿಡಿದಿತ್ತು, ಮಾರೋನು ಒಂದು ಮೂಲೇಲಿ ಕೆರೆದು ಬೆಳ್ಳಿ ಗೆರೆ ಕಾಣೋಹಂಗೆ ಮಾಡಿದ್ದ. "ಹಳೇ ಖಾಸಗಿ ಸಂಗ್ರಹದ್ದು" ಅಂತ ಒಂದೇ ಸಾಲು, ಜೊತೆಗೆ ಅವನೇ ಪ್ರಿಂಟ್ ಹಾಕಿದ ಸರ್ಟಿಫಿಕೇಟು. ನಾನು ನಂಬಿಬಿಟ್ಟೆ. ಬಂದ ಮೇಲೆ ಬೆಳ್ಳಿ ಪೂರ್ತಿ ನೋಡೋ ಆಸೆಗೆ ಊರಲ್ಲಿ ಹಿತ್ತಾಳೆ ತೊಳೆಯೋ ಹಾಗೆ ಹುಣಸೆಹಣ್ಣಲ್ಲಿ ನೆನೆಸಿ ಉಜ್ಜಿದೆ, ಒಣಗಿಸಿ ಕೊಬ್ಬರಿಎಣ್ಣೆ ಸವರಿ ಶೋಕೇಸಲ್ಲಿಟ್ಟೆ. ಸ್ವಲ್ಪ ದಿನಕ್ಕೆ ಮೇಲೆಲ್ಲಾ ಕೆಂಪು ಕೆಂಪು ಹನಿ, ಆಮೇಲೆ ಪದರ ಪದರ ಎದ್ದು ಬಂತು, ಚೂರುಗಳ ಜೊತೆ ಬೆಳ್ಳಿ ತಂತೀನೂ ಉದುರ್ತು. ಅವತ್ತು ನಿಜವಾಗ್ಲೂ ಅಳು ಬಂತು.

ಹಳೇ ಲೋಹ ಸರಿಮಾಡೋರೊಬ್ರ ಹತ್ರ ತಗೊಂಡೋದೆ. ಅವರು ಹೇಳಿದ್ದು, ಮಣ್ಣಿನ ಉಪ್ಪು ಕಬ್ಬಿಣದೊಳಗೆ ಇಳಿದಿರತ್ತೆ, ಹೊರಗೆ ತೆಗೆದ ಮೇಲೆ ಗಾಳಿ ತೇವ ತಾಗಿದ್ರೆ ಒಳಗಿಂದ್ಲೇ ತುಕ್ಕು ಉಬ್ಬತ್ತೆ, ಹುಳಿ ಬಿದ್ರಂತೂ ಮುಗೀತು. ಅವರಾದ್ರೆ ಮೊದ್ಲು ಎಕ್ಸ್‌ರೇ ತೆಗೆದು ಬೆಳ್ಳಿ ಎಲ್ಲಿದೆ ನೋಡ್ಕೊಂಡು, ಕ್ಷಾರದ ದ್ರಾವಣದಲ್ಲಿ ವಾರಗಟ್ಲೆ ಇಟ್ಟು ಉಪ್ಪು ತೆಗೀತಾರಂತೆ.

ಆಮೇಲೆ ಅವರು ಯಾವ ಊರಿನ ಗೋರಿ ಅಂತ ಕೇಳಿದ್ರು. ನನ್ ಹತ್ರ ಉತ್ತರ ಇರ್ಲಿಲ್ಲ. ಲೌಖ್‌ಹೈಮ್ ಅನ್ನೋ ಊರಲ್ಲಿ ಅಲೆಮಾನಿಗಳ 1300ಕ್ಕೂ ಹೆಚ್ಚು ಗೋರಿ ಅಗೆದಿದಾರಲ್ಲ, ಹಂಗೆ ಅಗೆಯೋವಾಗ ಪ್ರತಿ ಪ್ಲೇಟು ಸೊಂಟದ ಹತ್ರ ಇತ್ತಾ, ಪಕ್ಕದಲ್ಲಿ ಕತ್ತಿ ಇತ್ತಾ ಅಂತ ಬರ್ಕೊಂಡ್ರೇನೇ ತೊಗಲು ಕೊಳೆತು ಹೋದ ಬೆಲ್ಟ್ ಹೇಗಿತ್ತು, ಯಾವ ಕಾಲದ್ದು ಅಂತ ಗೊತ್ತಾಗೋದು. ನನ್ನ ಪ್ಲೇಟಿನ ಆ ಕಥೆ ಯಾರೋ ಗುಂಡಿ ತೋಡಿದ ದಿನಾನೇ ಹೋಗಿತ್ತು, ಅದಕ್ಕೆ ನಾನು ದುಡ್ಡು ಕೊಟ್ಟೆ.

ಇಲ್ಲಿ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ಪರ್ಮಿಷನ್ ಇಲ್ದೆ ಇಂಥವನ್ನ ಹುಡ್ಕೋದೇ ತಪ್ಪು, ಜರ್ಮನಿಯ 2016ರ ಸಾಂಸ್ಕೃತಿಕ ಸ್ವತ್ತಿನ ರಕ್ಷಣೆ ಕಾನೂನು ಪ್ರಕಾರ ವ್ಯಾಪಾರಕ್ಕೆ ಮಾರೋರು ವಸ್ತು ಎಲ್ಲಿಂದ ಬಂತು ಅಂತ ವಿಚಾರಿಸ್ಲೇಬೇಕು. ಆಗ್ಲೇ ತಗೊಂಡಿದ್ರೆ ತೊಳೀಬೇಡಿ, ಉಜ್ಜಬೇಡಿ, ತೇವ ಹೀರೋ ಸಿಲಿಕಾ ಜೆಲ್ ಹಾಕಿ ಗಾಳಿ ಆಡದ ಡಬ್ಬೀಲಿಡಿ, ಮಾರೋನ ಮೆಸೇಜು ಫೋಟೋ ಎಲ್ಲಾ ಉಳಿಸ್ಕೊಂಡು ರಾಜ್ಯದ ಪುರಾತತ್ವ ಇಲಾಖೆಗೆ ಫೋನ್ ಮಾಡಿ. ನಾನು ಉಳಿದ ಚೂರುಗಳನ್ನ ಹಂಗೇ ಒಪ್ಪಿಸಿ ಬಂದೆ.