ಐಸ್ ಡ್ರಮ್ಮಿನಿಂದ ಫ್ಯೋರ್ಡ್‌ವರೆಗೆ: ನಾಲ್ಕು ಜೊತೆ ಕೈಗವಸು

ಗೋವಾದಲ್ಲಿ ಡೈವಿಂಗ್ ಕಲಿಸುವವನಿಗೆ ಕೈಗವಸಿನ ಚಿಂತೆ ಎಲ್ಲಿಂದ ಬರಬೇಕು? ಗ್ರಾಂಡೆ ದ್ವೀಪದ ಬಳಿ ನನ್ನ ಡೈವ್ ಕಂಪ್ಯೂಟರ್ 27, 28 ಡಿಗ್ರಿ ತೋರಿಸುತ್ತದೆ. ಅಲ್ಲಿ ನಾವು ಪ್ರವಾಸಿಗರಿಗೆ ಬೇಕೆಂದೇ ಕೈಗವಸು ಕೊಡುವುದಿಲ್ಲ. ಕೊಟ್ಟರೆ ಕಂಡದ್ದನ್ನೆಲ್ಲ ಮುಟ್ಟುತ್ತಾರೆ.

ಆದರೆ ನಾರ್ವೆಯ ಬೆರ್ಗೆನ್‌ನಲ್ಲಿ ನೆಲೆಸಿರುವ ಹುಬ್ಬಳ್ಳಿಯ ಗೆಳೆಯನೊಬ್ಬ ಮಾರ್ಚ್‌ನಲ್ಲಿ ಬಾ ಎಂದು ಕರೆದ. ಡಿಸೆಂಬರ್ ರಜೆಗೆ ಬಂದವನು ತನ್ನ ಹಳೆಯ ಡ್ರೈಸೂಟನ್ನೂ (ನೀರು ಒಳಬಿಡದ, ಒಳಗೆ ಗಾಳಿ ತುಂಬಿಕೊಳ್ಳುವ ಡೈವಿಂಗ್ ಉಡುಪು) ನಾಲ್ಕು ಜೊತೆ ಕೈಗವಸನ್ನೂ ವಾಸ್ಕೋದ ನಮ್ಮ ಮನೆಯಲ್ಲಿ ಬಿಟ್ಟು ಹೋದ. ‘ಯಾವುದು ನಿನಗೆ ಆಗುತ್ತದೋ ನೋಡಿಕೋ, ತಣ್ಣೀರಿನಲ್ಲಿ ಮೊದಲು ಸೋಲುವುದು ಕೈ’ ಎಂದಿದ್ದ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ ಎಂದು ನಾನೇ ತರಗತಿಯಲ್ಲಿ ಹೇಳುತ್ತೇನೆ. ಹೇಳುವುದು ಬೇರೆ, ಬೆರಳು ಮರಗಟ್ಟಿದಾಗ ಗೊತ್ತಾಗುವುದು ಬೇರೆ.

ಖಾರಿವಾಡದ ಮೀನುಗಾರಿಕಾ ಜೆಟ್ಟಿಯಿಂದ ಸ್ಕೂಟರಿನ ಮೇಲೆ ಐಸ್ ಗಡ್ಡೆಗಳನ್ನು ತಂದೆ. ‘ಐಸ್ ತಂದಿರಿ, ಮೀನೆಲ್ಲಿ?’ ಎಂದಳು ಹೆಂಡತಿ. ಅಂಗಳದಲ್ಲಿದ್ದ ನೀಲಿ ಡ್ರಮ್ಮಿಗೆ ನೀರು ತುಂಬಿ, ಐಸ್ ಒಡೆದು ಸುರಿದು, ಮಟಮಟ ಮಧ್ಯಾಹ್ನ ಡ್ರೈಸೂಟ್ ತೊಟ್ಟು ಎರಡೂ ಕೈಗಳನ್ನು ಅದರೊಳಗೆ ಇಳಿಬಿಟ್ಟು ಕುಳಿತೆ. ಮೈಯೆಲ್ಲ ಬೆವರು, ಕೈ ಮಾತ್ರ ನಾರ್ವೆಯಲ್ಲಿ. ಪಕ್ಕದ ಮನೆಯ ಮಕ್ಕಳು ಕಾಂಪೌಂಡ್ ಏರಿ ಕುಳಿತರು. ಪರೀಕ್ಷೆಗಳು ಮೂರು: ತಳದಲ್ಲಿದ್ದ ಒಂದು ರೂಪಾಯಿ ನಾಣ್ಯ ಎತ್ತುವುದು, ಬೋಲ್ಟ್ ಸ್ನ್ಯಾಪ್ (ಸಲಕರಣೆ ಸಿಕ್ಕಿಸುವ ಲೋಹದ ಕೊಂಡಿ) ತೆಗೆದು ಹಾಕುವುದು, ಸ್ಲೇಟಿನ ಮೇಲೆ ಹೆಸರು ಬರೆಯುವುದು.

ಐದು ಮಿಲಿಮೀಟರ್ ದಪ್ಪದ ನಿಯೋಪ್ರಿನ್ (ಸ್ಪಂಜಿನಂಥ ರಬ್ಬರ್) ಕೈಗವಸು ಒಳಗೆ ನೀರು ಬಿಟ್ಟುಕೊಳ್ಳುವ ಜಾತಿಯದು. ಆ ನೀರು ಮೈಶಾಖಕ್ಕೆ ಬೆಚ್ಚಗಾಗುವವರೆಗೆ ಹಲ್ಲು ಕಚ್ಚಿಕೊಂಡಿರಬೇಕು. ಮೊದಲ ಐದು ನಿಮಿಷ ನಾಣ್ಯ ಸಲೀಸಾಗಿ ಬಂತು. ಹದಿನಾಲ್ಕನೆಯ ನಿಮಿಷಕ್ಕೆ ನಾಣ್ಯ ಬೆರಳ ನಡುವೆ ಇದೆಯೋ ಜಾರಿತೋ ಎಂದು ಇಣುಕಿ ನೋಡಬೇಕಾಯಿತು. ಏಳು ಮಿಲಿಮೀಟರಿನ ಮೂರು ಬೆರಳಿನ ಗವಸು ಇನ್ನೂ ಹತ್ತು ನಿಮಿಷ ಹೆಚ್ಚು ತಡೆಯಿತು. ಆದರೆ ಅದನ್ನು ತೊಟ್ಟವನು ಏಡಿಯೇ ಸರಿ. ಹಿಡಿಯಬಹುದು, ಬಿಡಬಹುದು, ನಡುವಿನ ಕೆಲಸ ಯಾವುದೂ ಆಗದು.

ಉಳಿದ ಎರಡು ಡ್ರೈ ಗ್ಲೌಸ್. ಹೊರಗೆ ನೀರಿಳಿಯದ ಪಿವಿಸಿ, ಒಳಗೆ ಉಣ್ಣೆಯ ಒಳಗವಸು, ನಡುವೆ ಗಾಳಿ. ಒಂದು ಜೊತೆಗೆ ರಿಂಗ್ ಇಲ್ಲ. ಅದರದೇ ಲ್ಯಾಟೆಕ್ಸ್ ಪಟ್ಟಿಯನ್ನು ಸೂಟಿನ ಮಣಿಕಟ್ಟಿನ ಸೀಲ್, ಅಂದರೆ ನೀರು ಒಳನುಗ್ಗದಂತೆ ತಡೆಯುವ ಬಿಗಿ ಪಟ್ಟಿಯ ಮೇಲೆ ಎಳೆದು ಕೂರಿಸಬೇಕು. ಇನ್ನೊಂದಕ್ಕೆ ಗಟ್ಟಿ ರಿಂಗ್: ಅರ್ಧ ಸೂಟಿನಲ್ಲಿ, ಅರ್ಧ ಗವಸಿನಲ್ಲಿ, ನಡುವೆ ಓ-ರಿಂಗ್ ಎಂಬ ರಬ್ಬರ್ ಬಳೆ, ಒತ್ತಿದರೆ ಕೂಡಿಕೊಳ್ಳುತ್ತದೆ. ಡ್ರಮ್ಮಿನಲ್ಲಿ ಎರಡೂ ಸಮಸಮ. ಅರ್ಧ ಗಂಟೆ ಕಳೆದರೂ ಬೆರಳು ಬೆಚ್ಚಗಿದ್ದವು, ನಾಣ್ಯವೂ ಬಂತು. ರಿಂಗ್‌ಗೆ ಹೆಚ್ಚು ದುಡ್ಡು ಸುರಿಯುವವರು ಪೆದ್ದರು ಎಂದು ಗೆಳೆಯನಿಗೆ ಸಂದೇಶ ಕಳಿಸಿದೆ. ಅವನು ಒಂದು ನಗುಮುಖ ಕಳಿಸಿ ಸುಮ್ಮನಾದ.

ಡ್ರಮ್ಮಿಗೆ ಆಳ ಇಲ್ಲವೆಂಬುದು ನನಗೆ ಹೊಳೆದಿರಲಿಲ್ಲ.

ಬೆರ್ಗೆನ್‌ನ ಫ್ಯೋರ್ಡಿನಲ್ಲಿ (ಬೆಟ್ಟಗಳ ನಡುವೆ ಒಳಚಾಚಿದ ಕಡಲ ತೋಳು) ಆ ವಾರ ನೀರು 5 ಡಿಗ್ರಿ. ಮೊದಲ ದಿನ ನಿಯೋಪ್ರಿನ್ ತೊಟ್ಟೇ ಇಳಿದೆ. ಹತ್ತು ಮೀಟರಿಗೆ ಒತ್ತಡ ಎರಡು ಪಟ್ಟು, ಇಪ್ಪತ್ತಕ್ಕೆ ಮೂರು ಪಟ್ಟು. ನಿಯೋಪ್ರಿನ್ನಿನೊಳಗಿನ ಗಾಳಿಗುಳ್ಳೆಗಳು ಕುಗ್ಗಿ ಗವಸು ತೆಳ್ಳಗಾಗುತ್ತದೆ. ಅಂಗಳದಲ್ಲಿ ಹದಿನಾಲ್ಕು ನಿಮಿಷ ಬಂದದ್ದು, ಡ್ರಮ್ಮಿಗಿಂತ ಬಿಸಿಯಾದ ನೀರಿನಲ್ಲಿದ್ದರೂ, ಇಲ್ಲಿ ಅದಕ್ಕಿಂತ ಹೆಚ್ಚೇನೂ ಬರಲಿಲ್ಲ. ಮೇಲೆ ಬಂದು ಸೂಟ್ ಕಳಚಿದರೆ ಬಲತೋಳು ಮೊಣಕೈವರೆಗೆ ಒದ್ದೆ. ಗೆಳೆಯ ನನ್ನ ಮಣಿಕಟ್ಟಿನತ್ತ ಬೆರಳು ತೋರಿಸಿದ. ಗೋಕರ್ಣಕ್ಕೆ ಹೋಗಿ ಬಂದ ಅಕ್ಕ ಪ್ರಯಾಣಕ್ಕೆ ಮೊದಲು ಕಟ್ಟಿದ್ದ ಕೆಂಪು ದಾರ ಸೀಲಿನ ಅಡಿಯಲ್ಲಿ ಸಿಕ್ಕಿಕೊಂಡು ನೀರಿಗೆ ಕಾಲುವೆ ಮಾಡಿಕೊಟ್ಟಿತ್ತು. ಬಿಚ್ಚಲು ಮನಸ್ಸಾಗಲಿಲ್ಲ. ಮೊಣಕೈ ಕಡೆಗೆ ಸರಿಸಿಟ್ಟೆ.

ಎರಡನೆಯ ದಿನ ರಿಂಗ್ ಇಲ್ಲದ ಡ್ರೈ ಗ್ಲೌಸ್. ದಡದಲ್ಲಿ ಹಿತವಾಗಿತ್ತು. ಎಂಟು ಮೀಟರಿನಲ್ಲಿ ಗವಸು ಕೈಗೆ ಅಂಟತೊಡಗಿತು. ಹದಿನೈದಕ್ಕೆ ಪಿವಿಸಿಯ ಮಡಿಕೆಗಳು ಬೆರಳ ಸಂದಿಯಲ್ಲಿ ಚಿಮುಟಿಗೆಯಂತೆ ಚರ್ಮ ಹಿಡಿದವು. ಗವಸಿನೊಳಗೆ ಸಿಕ್ಕಿಬಿದ್ದ ಗಾಳಿ ಕುಗ್ಗುತ್ತದೆ, ಸೂಟಿನಿಂದ ಹೊಸ ಗಾಳಿ ಬರಲು ದಾರಿ ಇಲ್ಲ, ಸೀಲ್ ಬಿಗಿಯಾಗಿದೆ. ಉಣ್ಣೆಯೂ ಚಪ್ಪಟೆಯಾಗಿ ಬೆಚ್ಚಗಿಡುವ ಶಕ್ತಿ ಕಳೆದುಕೊಂಡಿತು. ಅಂದು ಸಂಜೆ ಕಾಫಿ ಲೋಟ ಹಿಡಿದ ಕೈಮೇಲೆ ಕೆಂಪು ಗೆರೆಗಳಿದ್ದವು. ಇದಕ್ಕಿಂತ ಏಡಿಗವಸೇ ಮೇಲು ಎಂದು ಮೂರನೆಯ ದಿನ ಅದನ್ನೇ ತೊಟ್ಟೆ. ನಿಜಕ್ಕೂ ಮೇಲಾಗಿತ್ತು. ಇಳಿಯುವ ಮೊದಲು ಫ್ಲಾಸ್ಕಿನ ಬಿಸಿನೀರು ಒಳಗೆ ಸುರಿದುಕೊಂಡರೆ ಮೊದಲ ಕ್ಷಣದ ಶಾಪವೂ ತಪ್ಪುತ್ತದೆ.

ನಾಲ್ಕನೆಯ ದಿನ ರಿಂಗ್‌ನದು. ತೊಡುವುದೇ ಒಂದು ಶಾಸ್ತ್ರ: ಉಗುರು ಕತ್ತರಿಸಿ, ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಸವರಿ, ಉಣ್ಣೆಯ ಒಂದು ಎಳೆಯೂ ಅಡ್ಡ ಬಂದಿಲ್ಲವೆಂದು ಸುತ್ತ ಬೆರಳಾಡಿಸಿ ನೋಡಿ ಒತ್ತಬೇಕು. ಮೊದಲ ಕೈ ಸುಲಭ. ಎರಡನೆಯದನ್ನು ಗವಸು ತೊಟ್ಟ ಕೈಯಿಂದ ಕೂರಿಸುವುದು ಒಂಟಿಯಾಗಿ ಹೋದವನಿಗೆ ಶಿಕ್ಷೆ. ಇಪ್ಪತ್ತು ಮೀಟರಿನಲ್ಲಿ ವಿಚಿತ್ರವೊಂದು ನಡೆಯಿತು. ಎಡಗೈ ಹಿಂಡಿ ಹಿಪ್ಪೆಯಾಯಿತು. ಬಲಗೈ ಮಾತ್ರ ಮಲ್ಲಿಗೆಯ ಮೇಲಿಟ್ಟಂತೆ ಹಾಯಾಗಿತ್ತು. ತೋಳು ಮೇಲೆತ್ತಿದರೆ ಬಲಗೈ ಗವಸಿನ ಬೆರಳುಗಳು ಬಲೂನಿನಂತೆ ಉಬ್ಬುತ್ತಿದ್ದವು, ಇಳಿಸಿದರೆ ಗಾಳಿ ಸೂಟಿಗೆ ವಾಪಸು.

ದಡಕ್ಕೆ ಬಂದು ಬಿಚ್ಚಿದಾಗ ಕಂಡದ್ದು ಅದೇ ಕೆಂಪು ದಾರ. ಮೊಣಕೈಯಿಂದ ಜಾರಿ ಮತ್ತೆ ಸೀಲಿನ ಅಡಿಗೆ ಬಂದಿತ್ತು. ನೀರಿಗೆ ಕಾಲುವೆಯಾಗಿದ್ದ ದಾರಕ್ಕೆ ಈಗ ಹೊರಗೆ ನೀರೇ ಇಲ್ಲ, ಗಾಳಿಗೆ ದಾರಿಯಾಗಿತ್ತು. ತಣ್ಣೀರಿನ ಡೈವರ್‌ಗಳು ಇದನ್ನು ಬೇಕೆಂದೇ ಮಾಡುತ್ತಾರಂತೆ. ಸೀಲಿನಡಿ ಸಣ್ಣ ಕೊಳವೆಯನ್ನೋ ದಾರವನ್ನೋ ತೂರಿಸುತ್ತಾರೆ. ‘ಮೊದಲೇ ಹೇಳಬಾರದಿತ್ತೇನೋ?’ ಎಂದು ಗೆಳೆಯನ ಮೇಲೆ ರೇಗಿದೆ. ತನ್ನ ಸೂಟಿನಲ್ಲಿ ಒಳಸೀಲೇ (ರಿಂಗ್‌ನ ಒಳಗಿನ ಮಣಿಕಟ್ಟಿನ ಸೀಲ್) ಇಲ್ಲ, ಕಿತ್ತು ಹಾಕಿ ರಿಂಗ್ ಒಂದನ್ನೇ ಉಳಿಸಿಕೊಂಡಿರುವುದರಿಂದ ಅದು ನೆನಪಾಗಲಿಲ್ಲ ಎಂದ. ಗವಸಿಗೂ ಸೂಟಿಗೂ ನಡುವೆ ಗೋಡೆಯೇ ಇಲ್ಲ, ಹಿಂಡುವ ಮಾತೇ ಇಲ್ಲ. ಅವನ ಮಾತು ಸರಿ, ಗವಸು ತೂತಾಗುವವರೆಗೆ.

ತೂತಾದದ್ದು ಮರುದಿನ, ನನ್ನದು. ಬಂಡೆಗೆ ಕಚ್ಚಿದ್ದ ಚಿಪ್ಪಿನ ಅಂಚು ಬಲತೋರುಬೆರಳಿಗೆ ತಾಗಿತು. ಸಾಸಿವೆಗಿಂತ ಚಿಕ್ಕ ತೂತು. ಮೊದಲು ಉಗುರಿನ ಬುಡದಲ್ಲಿ ತಂಪು, ಆಮೇಲೆ ಉಣ್ಣೆ ನೀರು ಕುಡಿದು ಭಾರ. ದಾರದ ಜೊತೆ ತೊಟ್ಟಿಕ್ಕಿ ತೋಳಿಗೂ ಒಂದಿಷ್ಟು ಇಳಿಯಿತು, ಆದರೆ ಅಷ್ಟೇ. ಸೀಲ್ ಇಲ್ಲದಿದ್ದರೆ ಆ ನೀರಿಗೆ ಇಡೀ ಸೂಟ್ ತೆರೆದ ಬಾಗಿಲು. ನಿಧಾನಕ್ಕೆ ಮೇಲೆ ಬರುವಷ್ಟು ಹೊತ್ತು ಕೈ ಕೆಲಸ ಮಾಡಿತು, ಗಾಳಿ ನಿಯಂತ್ರಿಸಲು ಒತ್ತುವ ಗುಂಡಿ ಬೆರಳಿಗೆ ಸಿಕ್ಕಿತು. ನನ್ನ ಮತ ಒಳಸೀಲ್ ಉಳಿಸಿಕೊಂಡ ರಿಂಗ್‌ಗೆ ಬಿದ್ದದ್ದು ಅಲ್ಲಿ. ಗೆಳೆಯ ಒಪ್ಪುವುದಿಲ್ಲ. ಅವನು ಆರು ವರ್ಷಗಳಿಂದ ಅಲ್ಲಿನ ನೀರಿನಲ್ಲಿದ್ದಾನೆ, ನಾನು ಆರು ದಿನ. ಆದರೆ ತೂತು ನನ್ನ ಗವಸಿನಲ್ಲಿತ್ತು.

ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ ಒಮ್ಮೆ ಮುಳುಗಿ ಬರುತ್ತೇನೆ ಎನ್ನುವ ವಿದ್ಯಾರ್ಥಿಗಳು ನನಗೆ ಇದ್ದಾರೆ. ಅಲ್ಲಿ ನೀರು ವರ್ಷವಿಡೀ 2ರಿಂದ 4 ಡಿಗ್ರಿ, ಆಳದ ಮಿತಿ 18 ಮೀಟರ್, ಡೈವ್ ಮುಗಿಯುವುದು ಅರ್ಧ ಗಂಟೆಯ ಆಸುಪಾಸಿನಲ್ಲಿ. ಅವರು ಇದಾವುದನ್ನೂ ಕೊಳ್ಳಬೇಕಾಗಿಲ್ಲ. ಕರೆದೊಯ್ಯುವವರು ಕೊಡುವ ದಪ್ಪ ನಿಯೋಪ್ರಿನ್ ಸಾಕು, ಕೈ ನೋಯುತ್ತದೆ, ನೋಯಲಿ. ದಿನಕ್ಕೆರಡು ಸಲ, ವಾರಗಟ್ಟಲೆ ಇಳಿಯುವವರಿಗೆ ಮಾತ್ರ ರಿಂಗ್ ಖರ್ಚು ಹೊಂದುತ್ತದೆ. ರಿಂಗ್ ಇಲ್ಲದ ಡ್ರೈ ಗ್ಲೌಸಿಗೂ ಕೊಳವೆ ತೂರಿಸಿ ಬದುಕಿಸಬಹುದು. ಅದರ ಲ್ಯಾಟೆಕ್ಸ್ ಪಟ್ಟಿ ಹರಿದರೆ ಗವಸೇ ಹೋಯಿತು ಎಂಬುದು ನನ್ನ ತಕರಾರು.

ರಿಂಗ್‌ನಲ್ಲಿ ಹರಿದದ್ದು ಬರೀ ಪಿವಿಸಿ. ಊರಿಗೆ ಬಂದ ಮೇಲೆ ಆ ತೂತಿನ ಗವಸನ್ನು ಹಿಡಿದುಕೊಂಡು ಖಾರಿವಾಡಕ್ಕೇ ಹೋದೆ. ಮೀನಿನ ಕ್ರೇಟ್ ಎತ್ತುವವರು ತೊಡುವ ಕೈಗವಸು ಅಂಗಡಿಯ ಬಾಗಿಲಲ್ಲಿ ತೂಗುತ್ತಿತ್ತು. ಎರಡು ಜೊತೆ ತಂದು ನೀರು ತುಂಬಿ ಹಿಂಡಿ ನೋಡಿದೆ. ಒಂದರ ಹೆಬ್ಬೆರಳಿನ ಬುಡದಲ್ಲಿ ಹನಿ ಕಾಣಿಸಿತು, ಅದು ಹೆಂಡತಿಯ ಮೀನು ಹೆಚ್ಚುವ ಕೆಲಸಕ್ಕೆ ಹೋಯಿತು. ಇನ್ನೊಂದು ರಿಂಗ್‌ನ ಮೇಲೆ ಬಿಗಿಯಾಗಿ ಕುಳಿತಿದೆ.