ಲ್ಯಾನ್‌ನಿಂದ ಮೇನ್‌ಫ್ರೇಮ್‌ಗೆ: ಗೇಟ್‌ವೇ ಇರಲಿಯೋ, ನೇರ ಟಿಎನ್3270ಇ ಬೇಕೋ?

ಹೊಸೂರಿನ ಕಾರ್ಖಾನೆ ಕಚೇರಿಯ ಪಿಸಿಗಳು ಅತ್ತಿಬೆಲೆ ಗಡಿ ದಾಟಿ ಬೆಂಗಳೂರಿನ ಮುಖ್ಯ ಕಚೇರಿಯ ಐಬಿಎಂ ಮೇನ್‌ಫ್ರೇಮ್‌ಗೆ, ಅಂದರೆ ಸಂಸ್ಥೆಯ ದೊಡ್ಡ ಕೇಂದ್ರ ಕಂಪ್ಯೂಟರಿಗೆ, ಸೇರಬೇಕು ಅಂದುಕೊಳ್ಳಿ. ದಾರಿ ಎರಡು.

ಹಳೆಯದು ಎಸ್‌ಎನ್‌ಎ ಗೇಟ್‌ವೇ. ಎಸ್‌ಎನ್‌ಎ ಅಂದರೆ ಐಬಿಎಂನ ಸ್ವಂತ ಜಾಲ ಪದ್ಧತಿ, 1974ರದು. ಲ್ಯಾನ್‌ನಲ್ಲಿ, ಅಂದರೆ ಕಚೇರಿಯೊಳಗಿನ ಜಾಲದಲ್ಲಿ, ಒಂದು ಸರ್ವರ್ ಕೂತು ಎಲ್ಲರ ಪರವಾಗಿ ಮೇನ್‌ಫ್ರೇಮ್ ಜತೆ ಮಾತಾಡುತ್ತದೆ. ಅದು ಕೆಟ್ಟರೆ ಇಡೀ ಕಚೇರಿಯ ಕೆಲಸ ನಿಂತಂತೆ. ಎಸ್‌ಎನ್‌ಎ ಬಲ್ಲವರೂ ಈಗ ಸುಲಭಕ್ಕೆ ಸಿಗುವುದಿಲ್ಲ.

ಎರಡನೆಯದು ಟಿಎನ್3270ಇ, ಅಂದರೆ ಮೇನ್‌ಫ್ರೇಮ್‌ನ ಹಳೆಯ 3270 ಟರ್ಮಿನಲ್ಲಿನ ಪರದೆಯನ್ನು ಪಿಸಿಗೆ ತರುವ ವಿಧಾನ. ಇದು ಇಂಟರ್‌ನೆಟ್ ಬಳಸುವ ಟಿಸಿಪಿ/ಐಪಿ ಮೇಲೆಯೇ ಓಡುತ್ತದೆ. ಮೇನ್‌ಫ್ರೇಮ್‌ನ ಓಎಸ್‌ಎ ಎಂಬ ನೆಟ್‌ವರ್ಕ್ ಕಾರ್ಡು ಈಥರ್‌ನೆಟ್‌ಗೆ ಸೇರಿದರೆ, ಪಿಸಿಯಲ್ಲಿ ಆ ಟರ್ಮಿನಲ್ಲಿನಂತೆ ವರ್ತಿಸುವ ಎಮ್ಯುಲೇಟರ್ ತಂತ್ರಾಂಶ ಸಾಕು. ನಡುವೆ ಗೇಟ್‌ವೇ ಬೇಡ. 24 ಸಾಲು, 80 ಕಾಲಂನ ಅದೇ ಪರದೆ. ಎಂಟರ್ ಒತ್ತಿದಾಗ ಕೆಳಗಿನ ಸ್ಥಿತಿಸಾಲಿನಲ್ಲಿ ಎಕ್ಸ್ ಗುರುತು ಬಂದು, ಉತ್ತರ ಬಂದ ಮೇಲೆ ಹೋಗುತ್ತದೆ. ಒಂದೊಂದು ಅಕ್ಷರಕ್ಕೂ ಓಡಾಟವಿಲ್ಲ, ತುಂಬಿದ್ದೆಲ್ಲ ಒಟ್ಟಿಗೆ ಹೋಗುತ್ತದೆ. ಹಾಗಾಗಿ ಲೈನು ನಿಧಾನವಿದ್ದರೂ ಕೆಲಸ ಸಾಗುತ್ತದೆ.

ತೊಡಕು ಬರುವುದು ಪ್ರಿಂಟರ್‌ನಲ್ಲಿ. ಗೋಡೌನಿನ ಪ್ರಿಂಟರ್‌ಗೆ ಚಲನ್ ಹೋಗಬೇಕೆಂದರೆ ಪ್ರೋಗ್ರಾಂ ಅದನ್ನು ಅದರ ಎಲ್‌ಯು ಹೆಸರಿನಿಂದಲೇ (ಮೇನ್‌ಫ್ರೇಮ್ ಆ ಸಾಧನವನ್ನು ಗುರುತಿಸುವ ಹೆಸರು) ಹುಡುಕುತ್ತದೆ. ಹೆಸರು ಗರಿಷ್ಠ 8 ಅಕ್ಷರ. ಬರೀ ಹಳೆಯ ಟಿಎನ್3270ಯಲ್ಲಿ ಈ ಸೌಕರ್ಯವಿಲ್ಲ, 'ಇ' ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ಸುರಕ್ಷತೆಯಲ್ಲಿ ರಾಜಿ ಬೇಡವೇ ಬೇಡ. ಟಿಎನ್3270ಇಗೆ ಆಧಾರವಾದ, 23ನೇ ಪೋರ್ಟಿನ ಸಾದಾ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟಂತೆ ಹೋಗುತ್ತದೆ. ಮಾಹಿತಿಯನ್ನು ಗೂಢವಾಗಿಸಿ ಕಳಿಸುವ ಟಿಎಲ್‌ಎಸ್ ಹಾಕಿಸಿ, ಸಾಮಾನ್ಯವಾಗಿ 992ನೇ ಪೋರ್ಟ್.

ಹೊಸದಾಗಿ ಹಾಕುವವರಿಗೆ ನನ್ನ ಮತ ಟಿಎನ್3270ಇಗೇ. ಎಸ್‌ಎನ್‌ಎ ಬಿಟ್ಟು ಬೇರೇನೂ ತಿಳಿಯದ ಹಳೆಯ ಯಂತ್ರಗಳಿದ್ದರೆ ಮಾತ್ರ, ಅವು ಇರುವಷ್ಟು ದಿನ ಗೇಟ್‌ವೇ ಉಳಿಸಿಕೊಳ್ಳಿ.